ಗಡಿಯ ಎರಡೂ ಬದಿಯ ಹಳ್ಳಿಗಳಿಗೆ ಒಂದೇ ಯೋಜನೆ: ಬಾಲ್ಕನ್ ಮತ್ತು ಕಾರ್ಪಾಥಿಯನ್ ಸೀಮೆಯಲ್ಲಿ ಕೆಲಸ ಹಿಡಿಯುವವರಿಗೆ

ಡ್ರಿನಾ ನದಿಯ ಒಂದು ಬದಿಗೆ ಬಾಸ್ನಿಯಾ-ಹೆರ್ಜೆಗೊವಿನಾದ ಬ್ರಾಟುನಾಟ್ಸ್, ಇನ್ನೊಂದು ಬದಿಗೆ ಸರ್ಬಿಯಾದ ಲ್ಯುಬೊವಿಯಾ ಎಂಬ ಊರುಗಳಿವೆ. ಎರಡೂ ಕಡೆ ರಾಸ್ಪ್‌ಬೆರಿ ಬೆಳೆಯುತ್ತಾರೆ, ಒಬ್ಬರ ಮಾತು ಇನ್ನೊಬ್ಬರಿಗೆ ಸಲೀಸಾಗಿ ತಿಳಿಯುತ್ತದೆ. ಇವೆರಡನ್ನು ಜೋಡಿಸಲು ನದಿಗೆ ಹೊಸ ಸೇತುವೆ ಕಟ್ಟಿ, ಎರಡೂ ಊರುಗಳ ಹೆಸರಿನ ತುಣುಕುಗಳನ್ನು ಹೊಲಿದು 'ಬ್ರಾಟೊಲ್ಯುಬ್' ಎಂದು ಕರೆದರು. ಆದರೆ ಸೇತುವೆ ಕಟ್ಟಿ ಮುಗಿದ ಮೇಲೂ ಗಡಿ ಠಾಣೆ ಸಿದ್ಧವಾಗಿರಲಿಲ್ಲವಾದ್ದರಿಂದ ವರ್ಷಗಟ್ಟಲೆ ಅದರ ಮೇಲೆ ಸಂಚಾರ ಆರಂಭವಾಗಲಿಲ್ಲ. ಕಮ್ಯುನಿಸ್ಟ್ ಆಡಳಿತ ಕಳೆದು ಮೂರು ದಶಕ ದಾಟಿರುವ ಈ ನೆರೆಹೊರೆಯ ದೇಶಗಳಲ್ಲಿ ಗ್ರಾಮೀಣಾಭಿವೃದ್ಧಿಗೆ ಕೈಹಾಕುವವರು ಈ ಸೇತುವೆಯನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಇಲ್ಲಿ ಕೆಲಸ ನಿಲ್ಲುವುದು ಹಳ್ಳಿಯವರ ಮನಸ್ತಾಪದಿಂದಲ್ಲ. ಹೆಚ್ಚಿನ ಸಲ ಎರಡು ಸರ್ಕಾರಗಳ ನಡುವೆ ಸಿಕ್ಕಿಬಿದ್ದ ಒಂದು ಕಾಗದದಿಂದ. ಆದ್ದರಿಂದ ಈ ಕೈಪಿಡಿ ಉತ್ಸಾಹದ ವಿಚಾರವನ್ನು ಕಡಿಮೆ ಹೇಳಿ, ಕಾಗದದ ವಿಚಾರವನ್ನು ಹೆಚ್ಚು ಹೇಳುತ್ತದೆ.

ಮೊದಲು ಜಮೀನಿನ ಚರಿತ್ರೆ

ಈ ದೇಶಗಳನ್ನೆಲ್ಲ 'ಹಿಂದಿನ ಕಮ್ಯುನಿಸ್ಟ್ ರಾಷ್ಟ್ರಗಳು' ಎಂದು ಒಂದೇ ಬುಟ್ಟಿಗೆ ಹಾಕುವುದು ರೂಢಿ. ಹೊಲದ ಬದುವಿನಲ್ಲಿ ನಿಂತು ನೋಡಿದರೆ ಅವು ಒಂದರಂತೆ ಒಂದಿಲ್ಲ. ಯುಗೊಸ್ಲಾವಿಯಾ 1949ರಲ್ಲಿ ಸಾಮೂಹಿಕ ಬೇಸಾಯಕ್ಕೆ ಒತ್ತಾಯಿಸಿ, 1953ರಲ್ಲಿ ಅದನ್ನು ಕೈಬಿಟ್ಟು, ಖಾಸಗಿ ಹಿಡುವಳಿಗೆ 10 ಹೆಕ್ಟೇರಿನ ಮಿತಿ ಹಾಕಿ ಸುಮ್ಮನಾಯಿತು. ಪೋಲೆಂಡಿನಲ್ಲಿ 1956ರ ನಂತರ ಬಹುಪಾಲು ಜಮೀನು ರೈತರ ಬಳಿಯೇ ಉಳಿಯಿತು. ಅಲ್ಬೇನಿಯಾ ಮಾತ್ರ ಗುಡ್ಡದ ಮೇಲಿನ ಹಳ್ಳಿಗಳನ್ನೂ ಬಿಡದೆ ಎಲ್ಲವನ್ನೂ ಸಾಮೂಹಿಕಗೊಳಿಸಿತು. ಬಳಿಕ 1991ರ 7501ನೇ ಕಾನೂನಿನ ಮೂಲಕ ಅದೇ ಜಮೀನನ್ನು ಹಳ್ಳಿಯ ಕುಟುಂಬಗಳಿಗೆ ಹಂಚಿದಾಗ ಒಂದೊಂದು ಮನೆಗೆ ಹೆಚ್ಚುಕಡಿಮೆ ಒಂದು ಹೆಕ್ಟೇರಿನಷ್ಟು, ಅದೂ ಹಲವು ತುಂಡುಗಳಲ್ಲಿ, ಸಿಕ್ಕಿತು. ಜೆಕ್ ಮತ್ತು ಸ್ಲೊವಾಕ್ ಕಡೆ ಹಳೆಯ ಸಾಮೂಹಿಕ ಘಟಕಗಳೇ ಹೆಸರು ಮತ್ತು ರೂಪ ಬದಲಿಸಿಕೊಂಡು ದೊಡ್ಡ ಕಂಪನಿಗಳಾಗಿ ಮುಂದುವರಿದವು.

ಇದನ್ನು ಓದಿಕೊಳ್ಳುವುದು ಪಾಂಡಿತ್ಯ ತೋರಿಸುವುದಕ್ಕಲ್ಲ. ಪೋಲೆಂಡಿನ ಗುಡ್ಡದ ಸಣ್ಣ ರೈತನನ್ನೂ ಗಡಿಯಾಚೆಯ ಸ್ಲೊವಾಕ್ ಕೃಷಿ ಕಂಪನಿಯ ವ್ಯವಸ್ಥಾಪಕನನ್ನೂ ಒಂದೇ ಮೇಜಿನ ಸುತ್ತ ಕೂರಿಸಿ 'ರೈತರ ಸಭೆ' ಎಂದು ಕರೆದರೆ, ಒಬ್ಬನು ಕೊಟ್ಟಿಗೆಯ ಮಾತಾಡುತ್ತಾನೆ, ಇನ್ನೊಬ್ಬನು ಸಂಬಳದ ಆಳುಗಳ ಮಾತಾಡುತ್ತಾನೆ. ಜಮೀನಿನ ಪತ್ರ ಸರಿಯಿಲ್ಲದ ಕುಟುಂಬ ಸಾಲಕ್ಕೂ ಅನುದಾನಕ್ಕೂ ಅರ್ಜಿ ಹಾಕಲಾರದು. ಅಲ್ಬೇನಿಯಾದಲ್ಲಿ 7501ನೇ ಕಾನೂನಿನ ಹಂಚಿಕೆಗೂ ಹಳೆಯ ಒಡೆಯರ ಹಕ್ಕಿಗೂ ಇರುವ ತಕರಾರು ಇಂದಿಗೂ ಎಲ್ಲೆಡೆ ಬಗೆಹರಿದಿಲ್ಲ. ಆದ್ದರಿಂದ ಯಾವ ಕುಟುಂಬಗಳನ್ನು ಯೋಜನೆಗೆ ಸೇರಿಸಿಕೊಳ್ಳುತ್ತೀರೋ ಅವರ ಕೈಯಲ್ಲಿ ಯಾವ ಬಗೆಯ ಜಮೀನು ಪತ್ರವಿದೆ ಎಂಬುದನ್ನು ಮೊದಲ ತಿಂಗಳಲ್ಲೇ ಬರೆದಿಟ್ಟುಕೊಳ್ಳಿ.

ಪದಗಳ ವಿಷಯದಲ್ಲೂ ಎಚ್ಚರ ಬೇಕು. ಕನ್ನಡದಲ್ಲಿ ಜೊತೆಗೂಡಿ ಮಾಡುವ ಕೆಲಸಕ್ಕೂ ನೋಂದಾಯಿತ ಸಂಘಕ್ಕೂ ಸಹಕಾರ ಎಂಬ ಒಂದೇ ಮಾತು ನಡೆಯುತ್ತದೆ, ಅದರಲ್ಲಿ ಯಾರಿಗೂ ಕಹಿ ಇಲ್ಲ. ಅಲ್ಬೇನಿಯಾದಲ್ಲಿ ಕಮ್ಯುನಿಸ್ಟ್ ಕಾಲದ ಸಾಮೂಹಿಕ ಬೇಸಾಯ ಘಟಕಕ್ಕೆ ಇದ್ದ ಹೆಸರು 'ಕೊಪರಟೀವಾ'; ಹಿರಿಯರ ಎದುರು ಆ ಮಾತೆತ್ತಿದರೆ, ಮನೆಯ ಹಸು ಕಳೆದುಕೊಂಡ ದಿನಗಳು ನೆನಪಾಗುತ್ತವೆ. ಸರ್ಬಿಯಾದಲ್ಲಿ ಸಹಕಾರ ಸಂಘಕ್ಕೆ ಬಳಸುವ 'ಜಾದ್ರುಗಾ' ಎಂಬ ಮಾತಿಗೆ ಕಮ್ಯುನಿಸ್ಟರಿಗಿಂತ ಹಳೆಯದಾದ ಅವಿಭಕ್ತ ಕುಟುಂಬದ ಅರ್ಥವೂ ಇರುವುದರಿಂದ ಅಲ್ಲಿ ಅಷ್ಟು ಮುಜುಗರವಿಲ್ಲ. ಸಂಘ, ಕೂಟ, ಉತ್ಪಾದಕರ ಗುಂಪು ಎಂಬಂಥ ಮಾತುಗಳಲ್ಲಿ ಯಾವುದು ಆ ಊರಿನಲ್ಲಿ ಬಾಯಿ ಕಟ್ಟುವುದಿಲ್ಲ ಎಂಬುದನ್ನು ಅಲ್ಲಿಯವರನ್ನೇ ಕೇಳಿ ಬಳಸಬೇಕು.

ಪ್ರದೇಶವನ್ನು ಗುರುತಿಸುವ ಬಗೆ

ಜಿಲ್ಲೆ, ತಾಲ್ಲೂಕಿನಂಥ ಆಡಳಿತದ ಗೆರೆಗಳನ್ನು ಹಿಡಿದು ಯೋಜನೆಯ ಪ್ರದೇಶ ಆರಿಸಿದರೆ ಅರ್ಜಿ ತುಂಬುವುದು ಸುಲಭ, ಕೆಲಸ ಕಷ್ಟ. ಒಂದೇ ಕಣಿವೆ, ಒಂದೇ ಹುಲ್ಲುಗಾವಲು, ಒಂದೇ ಸರೋವರ ಎಂಬ ಲೆಕ್ಕದಲ್ಲಿ ಆರಿಸುವುದು ಮೇಲು. ಪಶ್ಚಿಮ ಬಾಲ್ಕನ್ನಿನಲ್ಲಿ ಇದನ್ನು 'ಪ್ರದೇಶಾಧಾರಿತ ಅಭಿವೃದ್ಧಿ' ಎಂಬ ಹೆಸರಿನಲ್ಲಿ ಮುಂದಿಟ್ಟದ್ದು ಆಗ್ನೇಯ ಯುರೋಪಿನ ಪ್ರಾದೇಶಿಕ ಗ್ರಾಮೀಣಾಭಿವೃದ್ಧಿ ಸ್ಥಾಯಿ ಕಾರ್ಯಗುಂಪು. 2005ರಲ್ಲಿ ಆರಂಭವಾದ ಈ ಸಂಸ್ಥೆಯ ಕಾರ್ಯಾಲಯ ಉತ್ತರ ಮ್ಯಾಸಿಡೋನಿಯಾದ ಸ್ಕೋಪ್ಯೆಯಲ್ಲಿದೆ. ಸುತ್ತಣ ದೇಶಗಳ ಕೃಷಿ ಸಚಿವಾಲಯಗಳೇ ಇದರ ಸದಸ್ಯರು. ಡ್ರಿನಾ-ಸಾವಾ, ಡ್ರಿನಾ-ತಾರಾ, ಪ್ರೆಸ್ಪಾ, ಶಾರ್ ಪರ್ವತ ಎಂಬ ಹೆಸರುಗಳನ್ನು ಗಮನಿಸಿದರೆ ಅವೆಲ್ಲ ನದಿ, ಕೆರೆ, ಬೆಟ್ಟಗಳ ಹೆಸರೆಂಬುದು ತಿಳಿಯುತ್ತದೆ. ಹೊಸದಾಗಿ ಬರುವವರು ತಾವೇ ಒಂದು ನಕ್ಷೆ ಬರೆಯುವ ಮೊದಲು ಈ ಪ್ರದೇಶಗಳಲ್ಲಿ ಆಗಲೇ ಕೂಡಿರುವ ಗುಂಪುಗಳನ್ನು ವಿಚಾರಿಸುವುದು ಒಳ್ಳೆಯದು, ಏಕೆಂದರೆ ಒಂದೇ ಹಳ್ಳಿಯ ಅದೇ ನಾಲ್ಕು ಜನ ಐದು ಸಂಸ್ಥೆಗಳ ಸಭೆಗೆ ಓಡಾಡುವುದು ಅಲ್ಲಿ ಅಪರೂಪವಲ್ಲ.

ಉತ್ತರಕ್ಕೆ ಕಾರ್ಪಾಥಿಯನ್ ಪರ್ವತಸಾಲಿನಲ್ಲಿ ಇದಕ್ಕೆ ಕಾನೂನಿನ ಆಸರೆಯೂ ಇದೆ. 2003ರ ಮೇ 22ರಂದು ಕೀವ್ ನಗರದಲ್ಲಿ ಸಹಿಯಾದ, ಈ ಪರ್ವತಸಾಲಿನ ರಕ್ಷಣೆ ಮತ್ತು ಸುಸ್ಥಿರ ಅಭಿವೃದ್ಧಿಗಾಗಿನ ಕಾರ್ಪಾಥಿಯನ್ ಒಪ್ಪಂದಕ್ಕೆ ಜೆಕ್ ಗಣರಾಜ್ಯ, ಹಂಗೆರಿ, ಪೋಲೆಂಡ್, ರೊಮೇನಿಯಾ, ಸರ್ಬಿಯಾ, ಸ್ಲೊವಾಕಿಯಾ, ಉಕ್ರೇನ್ ಸೇರಿವೆ. ಅದಕ್ಕೂ ಹತ್ತು ವರ್ಷ ಮುಂಚೆ, 1993ರಲ್ಲಿ, ಹಂಗೆರಿಯ ಡೆಬ್ರೆಟ್ಸೆನ್‌ನಲ್ಲಿ ಗಡಿ ಪ್ರದೇಶಗಳು ಜೊತೆಗೂಡಿ ಕೆಲಸ ಮಾಡುವ ಕೂಟವಾಗಿ ಕಾರ್ಪಾಥಿಯನ್ ಯೂರೋ-ಪ್ರದೇಶವನ್ನು ಸ್ಥಾಪಿಸಲಾಗಿತ್ತು.

ಒಂದೇ ವಸ್ತುವನ್ನು ಹಿಡಿಯಿರಿ

ಕೃಷಿ, ಪ್ರವಾಸ, ಯುವಜನ, ಪರಿಸರ ಎಂದು ನಾಲ್ಕು ಕಾಲಿನ ಕಾರ್ಯತಂತ್ರ ಬರೆಯುವ ಚಟ ಈ ಕ್ಷೇತ್ರದಲ್ಲಿ ಎಲ್ಲರಿಗೂ ಇದೆ. ನನ್ನ ಅಭಿಪ್ರಾಯದಲ್ಲಿ ಮೊದಲ ಎರಡು ವರ್ಷ ಒಂದೇ ವಸ್ತು ಸಾಕು: ಒಂದು ಚೀಸ್, ಒಂದು ಹಣ್ಣು, ಒಂದು ಕಾಲುದಾರಿ. ಆರಿಸುವಾಗ ಕೇಳಬೇಕಾದ ಪ್ರಶ್ನೆ ಎರಡೂ ಕಡೆಯವರು ಇದನ್ನು ಈಗಾಗಲೇ ಮಾಡುತ್ತಿದ್ದಾರೆಯೇ ಎಂಬುದು. ಹೊಸದಾಗಿ ಕಲಿಸಿ ಮಾಡಿಸುವ ಕೆಲಸ ಗಡಿ ದಾಟುವಷ್ಟರಲ್ಲಿ ಸೊರಗುತ್ತದೆ.

ಹೀಗೆ ಎರಡೂ ಕಡೆ ಇರುವ ವಸ್ತುವಿನಲ್ಲಿ ಜಗಳವೂ ಅಡಗಿರುತ್ತದೆ, ಅದಕ್ಕೆ ತಯಾರಿರಬೇಕು. ತಾತ್ರಾ ಬೆಟ್ಟಗಳ ಹೊಗೆಯಾಡಿಸಿದ ಕುರಿಹಾಲಿನ ಚೀಸ್ ಇದಕ್ಕೆ ಒಳ್ಳೆಯ ಪಾಠ. ಪೋಲೆಂಡಿನ ಕಡೆ ಇದಕ್ಕೆ 'ಒಸ್ಟ್ಸಿಪೆಕ್', ಸ್ಲೊವಾಕಿಯಾದ ಕಡೆ 'ಒಶ್ಟಿಯೆಪೊಕ್' ಎಂದು ಹೆಸರು. ಶತಮಾನಗಳ ಹಿಂದೆ ಕುರಿ ಮೇಯಿಸುತ್ತ ಈ ಪರ್ವತಸಾಲಿನುದ್ದಕ್ಕೂ ಸಾಗಿ ಬಂದ ವ್ಲಾಖ್ ಕುರಿಗಾಹಿಗಳ ವಿದ್ಯೆಯೇ ಎರಡಕ್ಕೂ ಮೂಲ. ಪೋಲಿಷ್ ಚೀಸನ್ನು 'ಬಾಟ್ಸಾ' ಎನ್ನುವ ಹಿರಿಯ ಕುರುಬ ಬೆಟ್ಟದ ಮೇಲಿನ ಮರದ ಗುಡಿಸಲಿನಲ್ಲಿ ಮಾಡುತ್ತಾನೆ. ಕೆತ್ತನೆಯ ಮರದ ಅಚ್ಚಿನಲ್ಲಿ ಒತ್ತಿ, ಉಪ್ಪುನೀರಿನಲ್ಲಿ ನೆನೆಸಿ, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಟ್ಟಾಗ ಎರಡೂ ತುದಿ ಚೂಪಾದ ಕದಿರಿನ ಆಕಾರದ, ಗೇಣುದ್ದದ, 600ರಿಂದ 800 ಗ್ರಾಂ ತೂಗುವ ಹೊಂಬಣ್ಣದ ಗಟ್ಟಿ ಸಿದ್ಧವಾಗುತ್ತದೆ. ಬೇರೆಯವರು ಬಳಸದಂತೆ ಪೋಲೆಂಡ್ ಈ ಹೆಸರಿಗೆ ಯುರೋಪಿಯನ್ ಒಕ್ಕೂಟದ ರಕ್ಷಣೆ ಕೋರಿದಾಗ ಸ್ಲೊವಾಕಿಯಾ ಆಕ್ಷೇಪ ಎತ್ತಿತು. ಕೊನೆಗೆ ಎರಡೂ ದೇಶಗಳು ಮಾತಾಡಿಕೊಂಡು, ಬೇರು ಒಂದೇ ಆದರೂ ಮಾಡುವ ಕ್ರಮ ಬೇರೆ ಎಂದು ಒಪ್ಪಿದವು. ಪೋಲಿಷ್ ಚೀಸಿನಲ್ಲಿ ಹಸುವಿನ ಹಾಲು ಶೇ. 40 ಮೀರುವಂತಿಲ್ಲ, ಸ್ಲೊವಾಕ್ ಚೀಸನ್ನು ಹಸುವಿನ ಹಾಲಿನಿಂದಲೂ ಮಾಡಬಹುದು. 2008ರಲ್ಲಿ ಎರಡೂ ಹೆಸರುಗಳು ಬೇರೆ ಬೇರೆಯಾಗಿ ನೋಂದಣಿಯಾದವು.

ಇದರಿಂದ ಕೆಲಸಗಾರರು ಕಲಿಯಬೇಕಾದದ್ದು ಸ್ಪಷ್ಟ. ಎರಡೂ ಕಡೆಯ ಉತ್ಪಾದಕರನ್ನು ಕೂರಿಸಿ ಹಾಲಿನ ಪ್ರಮಾಣ, ಅಚ್ಚು, ಹೊಗೆಯ ಅವಧಿ, ಮಾಡುವ ತಿಂಗಳುಗಳು ಎಂಬಂಥ ವಿವರಗಳನ್ನು ಅಕ್ಕಪಕ್ಕದಲ್ಲಿ ಬರೆಸಿ. ಎಲ್ಲಿ ಒಂದೇ, ಎಲ್ಲಿ ಬೇರೆ ಎಂಬುದು ಆ ಹಾಳೆಯ ಮೇಲೆಯೇ ಕಾಣುತ್ತದೆ. ಒಂದೇ ಆಗಿದ್ದರೆ ಜಂಟಿ ಹೆಸರಿಗೆ ಹೋಗಬಹುದು. ಬೇರೆಯಾಗಿದ್ದರೆ ಎರಡು ಹೆಸರು ಇಟ್ಟುಕೊಂಡು, ಹಾಲಿನ ಪರೀಕ್ಷೆ, ತರಬೇತಿ, ಮಾರಾಟದ ಮಳಿಗೆಗಳನ್ನು ಮಾತ್ರ ಜಂಟಿಯಾಗಿ ನಡೆಸಬಹುದು. ಒಬ್ಬರ ಬೆನ್ನ ಹಿಂದೆ ಇನ್ನೊಬ್ಬರು ಅರ್ಜಿ ಹಾಕಿದರೆ ಮಾತ್ರ ಆಕ್ಷೇಪಣೆಯ ಅವಧಿಯಲ್ಲಿ ವರ್ಷಗಳು ಕಳೆಯುತ್ತವೆ.

ಸಹಿ ಹಾಕುವವರು ಯಾರು

ಎರಡೂ ದೇಶಗಳಲ್ಲಿ ಒಂದೇ ಹೆಸರಿನ ಕಚೇರಿಗೆ ಒಂದೇ ಅಧಿಕಾರ ಇರುತ್ತದೆಂದು ಭಾವಿಸುವುದು ಈ ಕ್ಷೇತ್ರದ ಅತಿ ದುಬಾರಿ ತಪ್ಪು. ಬಾಸ್ನಿಯಾ-ಹೆರ್ಜೆಗೊವಿನಾದಲ್ಲಿ ರಾಷ್ಟ್ರಮಟ್ಟದ ಕೃಷಿ ಸಚಿವಾಲಯವೇ ಇಲ್ಲ. ಕೃಷಿ ಅಲ್ಲಿನ ಎರಡು ಘಟಕಗಳ, ಅಂದರೆ ಫೆಡರೇಷನ್ ಮತ್ತು ರೆಪಬ್ಲಿಕಾ ಸರ್ಪ್ಸ್ಕಾದ, ಜೊತೆಗೆ ಬ್ರ್ಚ್ಕೊ ಜಿಲ್ಲೆಯ ಕೈಯಲ್ಲಿದೆ. ಫೆಡರೇಷನ್ನಿನ ಒಳಗೆ ಮತ್ತೆ ಕ್ಯಾಂಟನ್ ಎಂಬ ಹತ್ತು ಪ್ರಾಂತ್ಯಗಳಿವೆ. ಇವೆಲ್ಲದರ ಸಮನ್ವಯ ವಿದೇಶಿ ವ್ಯಾಪಾರ ಮತ್ತು ಆರ್ಥಿಕ ಸಂಬಂಧಗಳ ಸಚಿವಾಲಯದ್ದು. ಸರ್ಬಿಯಾದ ಒಂದು ಪುರಸಭೆಯ ಅಧ್ಯಕ್ಷರು ಒಂದೇ ದಿನದಲ್ಲಿ ಸಹಿ ಹಾಕಿದ ಪತ್ರಕ್ಕೆ ಸಾಟಿಯಾದ ಸಹಿ ನದಿಯಾಚೆ ಸಿಗಲು ಮೂರು ಹಂತ ಹತ್ತಬೇಕಾದೀತು. ಅದಕ್ಕಾಗಿ ಪ್ರತಿ ಸಹಭಾಗಿಯ ಎದುರು, ಯಾವ ವಿಷಯಕ್ಕೆ ಯಾರ ಸಹಿ, ಆ ಸಹಿಗೆ ಮುಂಚೆ ಯಾರ ಒಪ್ಪಿಗೆ ಎಂದು ಒಂದು ಪಟ್ಟಿ ಮಾಡಿ, ಅದನ್ನು ಆಯಾ ಊರಿನ ಪುರಸಭೆಯ ಗುಮಾಸ್ತರಿಗೆ ತೋರಿಸಿ ತಿದ್ದಿಸಿಕೊಳ್ಳಿ. ಇಂಥ ವಿಷಯದಲ್ಲಿ ರಾಜಧಾನಿಯ ತಜ್ಞರಿಗಿಂತ ಗುಮಾಸ್ತರು ನಂಬಿಕಸ್ಥರು.

ಕೊಸೊವೊ ತಾನು ಸ್ವತಂತ್ರ ದೇಶ ಎನ್ನುತ್ತದೆ, ಸರ್ಬಿಯಾ ಅದನ್ನು ಒಪ್ಪುವುದಿಲ್ಲ; ಆದ್ದರಿಂದ ಕೊಸೊವೊ ಸೇರಿರುವ ಯೋಜನೆಯಲ್ಲಿ ಹೆಸರಿನದೇ ಒಂದು ಶಿಷ್ಟಾಚಾರವಿದೆ. 2012ರಲ್ಲಿ ಎರಡು ಕಡೆಯ ರಾಜಧಾನಿಗಳಾದ ಬೆಲ್‌ಗ್ರೇಡ್ ಮತ್ತು ಪ್ರಿಷ್ಟಿನಾ ಒಪ್ಪಿಕೊಂಡಂತೆ ಪ್ರಾದೇಶಿಕ ಸಭೆಗಳ ಕಾಗದಗಳಲ್ಲಿ ಕೊಸೊವೊ ಎಂಬ ಹೆಸರಿಗೆ ಒಂದು ನಕ್ಷತ್ರ ಚಿಹ್ನೆ ಹಾಕಿ, ಅದರ ಸ್ಥಾನಮಾನದ ಬಗೆಗಿನ ನಿಲುವುಗಳಿಗೆ ಈ ಬಳಕೆಯಿಂದ ಬಾಧಕವಿಲ್ಲ ಎಂಬ ಅಡಿಟಿಪ್ಪಣಿ ಕೊಡಲಾಗುತ್ತದೆ. ಕಾಲುದಾರಿಯ ಫಲಕ, ಕರಪತ್ರ, ಹಾಜರಿ ಪುಸ್ತಕ, ಎಲ್ಲದರಲ್ಲೂ ಇದನ್ನು ಪಾಲಿಸದೆ ಹೋದರೆ ಒಂದು ಕಡೆಯವರು ಸಭೆಯಿಂದ ಎದ್ದು ಹೋಗಬಹುದು. ಕರಡನ್ನು ಮುದ್ರಣಕ್ಕೆ ಕೊಡುವ ಮೊದಲು ಎಲ್ಲ ಸಹಭಾಗಿಗಳಿಗೂ ಕಳಿಸಿ ಲಿಖಿತ ಒಪ್ಪಿಗೆ ಪಡೆಯುವುದು ನಿಯಮವಾಗಿರಲಿ.

ಸ್ಥಳೀಯ ಗುಂಪು ಕಟ್ಟುವಾಗ ಹಳ್ಳಿಗಳ ಅಭಿವೃದ್ಧಿಯನ್ನು ಅಲ್ಲಿಯವರ ಗುಂಪುಗಳೇ ನಿರ್ಧರಿಸುವಂತೆ 1991ರಲ್ಲಿ ಯುರೋಪಿನಲ್ಲಿ ಆರಂಭವಾದ 'ಲೀಡರ್' ಪದ್ಧತಿಯ ಒಂದು ನಿಯಮವನ್ನು ಎರವಲು ಪಡೆಯಿರಿ: ಮತದಾನದಲ್ಲಿ ಸರ್ಕಾರಿ ಸಂಸ್ಥೆಗಳಿಗಾಗಲಿ, ಬೇರೆ ಯಾವುದೇ ಒಂದು ಹಿತಾಸಕ್ತಿಯ ಗುಂಪಿಗಾಗಲಿ ಶೇ. 49ಕ್ಕಿಂತ ಹೆಚ್ಚು ಪಾಲು ಇರಬಾರದು. ಪುರಸಭೆಯ ಅಧ್ಯಕ್ಷರೇ ಎಲ್ಲವನ್ನೂ ನಿರ್ಧರಿಸುವ ಹಳೆಯ ಅಭ್ಯಾಸ ಈ ದೇಶಗಳಲ್ಲಿ ಇನ್ನೂ ಗಟ್ಟಿಯಾಗಿರುವುದರಿಂದ ಈ ಮಿತಿ ಬರಿಯ ಅಲಂಕಾರವಲ್ಲ.

ಹಣದ ಬಾಗಿಲುಗಳು

ಸಣ್ಣ ಮೊತ್ತದಿಂದ ಆರಂಭಿಸುವುದು ಜಾಣತನ. ಮಧ್ಯ ಯುರೋಪಿನ ಪೋಲೆಂಡ್, ಜೆಕ್ ಗಣರಾಜ್ಯ, ಸ್ಲೊವಾಕಿಯಾ, ಹಂಗೆರಿ ಸೇರಿ 2000ರಲ್ಲಿ ಸ್ಥಾಪಿಸಿದ ಅಂತರರಾಷ್ಟ್ರೀಯ ವಿಶೆಗ್ರಾಡ್ ನಿಧಿಯ ಕಚೇರಿ ಬ್ರಾತಿಸ್ಲಾವಾದಲ್ಲಿದೆ. ಈ ನಾಲ್ಕು ದೇಶಗಳೊಳಗಿನ ಯೋಜನೆಗಳಷ್ಟೇ ಅಲ್ಲದೆ, ಪಶ್ಚಿಮ ಬಾಲ್ಕನ್ ಮತ್ತು ಪೂರ್ವದ ನೆರೆಯವರ ಜೊತೆಗಿನ ಯೋಜನೆಗಳಿಗೂ ಅದು ನೆರವು ಕೊಡುತ್ತದೆ. ಅದೇ ಮಾದರಿಯಲ್ಲಿ ಕಟ್ಟಿದ ಪಶ್ಚಿಮ ಬಾಲ್ಕನ್ ನಿಧಿ ತಿರಾನಾದಿಂದ 2017ರಲ್ಲಿ ಕೆಲಸ ಆರಂಭಿಸಿತು. ಹಿಂದೆ ಒಟ್ಟಿಗೆ ಕೆಲಸ ಮಾಡದ ಸಹಭಾಗಿಗಳು ಇಂಥ ನಿಧಿಯ ಸಣ್ಣ ಅನುದಾನದಲ್ಲಿ ಒಂದು ವರ್ಷ ಜೊತೆಗೂಡಿ, ಯಾರ ಲೆಕ್ಕ ಸಮಯಕ್ಕೆ ಬರುತ್ತದೆ ಎಂಬುದನ್ನು ಕಂಡುಕೊಂಡ ಮೇಲೆ ದೊಡ್ಡ ಹಣಕ್ಕೆ ಕೈಚಾಚುವುದು ಕ್ಷೇಮ.

ದೊಡ್ಡ ಹಣವೆಂದರೆ ಒಕ್ಕೂಟ ಸೇರಲು ಕಾದಿರುವ ದೇಶಗಳಿಗೆ ಯುರೋಪಿಯನ್ ಒಕ್ಕೂಟ ಕೊಡುವ ಪೂರ್ವ-ಪ್ರವೇಶ ನೆರವು. ಅದರಲ್ಲಿ ಎರಡು ಬೇರೆ ಬೇರೆ ಬಾಗಿಲುಗಳಿವೆ, ಇವನ್ನು ಕಲಸಿಕೊಳ್ಳಬಾರದು. 'ಐಪಾರ್ಡ್' ಎಂಬುದು ಗ್ರಾಮೀಣಾಭಿವೃದ್ಧಿಯದು. ಅದು ಒಂದು ದೇಶದ ಒಳಗೆ, ಆ ದೇಶದ ಪಾವತಿ ಸಂಸ್ಥೆಯ ಮೂಲಕ, ಮುಖ್ಯವಾಗಿ ರೈತನೋ ಸಂಸ್ಕರಣಾ ಘಟಕವೋ ತಾನೇ ಹಣ ಹಾಕಿ ಮುಗಿಸಿದ ಕೆಲಸಕ್ಕೆ ಒಂದು ಪಾಲನ್ನು ಹಿಂದಿರುಗಿಸುತ್ತದೆ. ಗಡಿಯಾಚೆಗಿನ ಸಹಕಾರ ಕಾರ್ಯಕ್ರಮ ಬೇರೆ. ಅದು ಎರಡೂ ದೇಶಗಳ ಸಹಭಾಗಿಗಳನ್ನು ಬೇಡುತ್ತದೆ, ಒಬ್ಬರನ್ನು ಮುಖ್ಯ ಸಹಭಾಗಿಯಾಗಿ ಹೊಣೆಗಾರರನ್ನಾಗಿಸುತ್ತದೆ, ಸಾಮಾನ್ಯವಾಗಿ ಶೇ. 85 ಭಾಗವನ್ನು ಒಕ್ಕೂಟವೂ ಉಳಿದ ಶೇ. 15ನ್ನು ಸಹಭಾಗಿಗಳೂ ಭರಿಸಬೇಕಾಗುತ್ತದೆ.

ಈ ಶೇ. 15 ಕಾಗದದ ಮೇಲೆ ಚಿಕ್ಕದಾಗಿ ಕಾಣುತ್ತದೆ. 2,00,000 ಯೂರೋ ಯೋಜನೆ ಎಂದಿಟ್ಟುಕೊಳ್ಳಿ: ಸ್ವಂತ ಪಾಲು 30,000 ಯೂರೋ, ಒಕ್ಕೂಟದ ಪಾಲು 1,70,000 ಯೂರೋ. ಆ 1,70,000ದಲ್ಲಿ ಅರ್ಧ, ಅಂದರೆ 85,000, ಮುಂಗಡವಾಗಿ ಬಂದು ಉಳಿದದ್ದು ವರದಿ ಒಪ್ಪಿಗೆಯಾದ ಮೇಲೆ ಬರುವುದಾದರೆ, ಆ ನಡುವೆ ಮತ್ತೊಂದು 85,000 ಯೂರೋ ಖರ್ಚನ್ನು ಯಾರೋ ಕೈಯಿಂದ ಹಾಕಿರಬೇಕು. ಗುಡ್ಡದ ಮೇಲಿನ ಚೀಸ್ ಉತ್ಪಾದಕರ ಸಂಘದ ಬಳಿ ಆ ಹಣ ಇರುವುದಿಲ್ಲ. ಅದಕ್ಕೇ ಪುರಸಭೆಯನ್ನೋ ವಿಶ್ವವಿದ್ಯಾಲಯವನ್ನೋ ಮುಖ್ಯ ಸಹಭಾಗಿ ಮಾಡಿ, ಸಣ್ಣ ಸಂಘಗಳಿಗೆ ಖರ್ಚಿನ ಹೊರೆ ತಿಂಗಳುಗಟ್ಟಲೆ ಬೀಳದಂತೆ ಖರೀದಿಗಳನ್ನು ಹಂಚಬೇಕು. ತೆರಿಗೆಯ ವಿನಾಯಿತಿಯನ್ನೂ ಖರೀದಿಗೆ ಮುಂಚೆಯೇ ಪಡೆಯಿರಿ. ಬಿಲ್ಲು ಕೈಗೆ ಬಂದ ಮೇಲೆ ಕೇಳಿದರೆ ಮೌಲ್ಯವರ್ಧಿತ ತೆರಿಗೆ ನಿಮ್ಮ ತಲೆಗೇ ಬರುತ್ತದೆ.

ನಾಣ್ಯದ ಲೆಕ್ಕ ಇನ್ನೊಂದು. ಮಾಂಟೆನೆಗ್ರೊ ಮತ್ತು ಕೊಸೊವೊ ಯೂರೋವನ್ನೇ ಬಳಸುತ್ತವೆ. ಬಾಸ್ನಿಯಾದ ಮಾರ್ಕ್ ಒಂದು ಯೂರೋಗೆ 1.95583 ಎಂದು ಕಟ್ಟಿಹಾಕಿದ್ದು. ಅಲ್ಬೇನಿಯಾದ ಲೆಕ್ ಏರಿಳಿಯುತ್ತದೆ. ಅನುದಾನದ ನಿಯಮ ಯಾವ ದಿನದ ದರವನ್ನು ಒಪ್ಪುತ್ತದೆಂದು ಒಡಂಬಡಿಕೆಯಲ್ಲೇ ಬರೆದು, ದರದ ನಷ್ಟವನ್ನು ಯಾರು ಹೊರಬೇಕೆಂಬುದನ್ನೂ ಅಲ್ಲೇ ತೀರ್ಮಾನಿಸಿ.

ಸಹಭಾಗಿಗಳ ನಡುವಿನ ಒಡಂಬಡಿಕೆ

ಅರ್ಜಿ ಮಂಜೂರಾದ ಮೇಲೆ ಒಡಂಬಡಿಕೆ ಬರೆಯುವುದು ಸಾಮಾನ್ಯ ರೂಢಿ. ಹಣ ಬರುವ ಮುಂಚೆಯೇ ಬರೆಯುವುದು ಉತ್ತಮ, ಏಕೆಂದರೆ ಆಗ ಯಾರಿಗೂ ಕಳೆದುಕೊಳ್ಳುವುದೇನೂ ಇರುವುದಿಲ್ಲ. ಲೆಕ್ಕಪರಿಶೋಧಕರು ತಿರಸ್ಕರಿಸಿದ ಖರ್ಚನ್ನು ಯಾರು ಹಿಂದಿರುಗಿಸಬೇಕು, ಕೊಂಡ ಯಂತ್ರ ಐದು ವರ್ಷದ ನಂತರ ಯಾರದು, ಒಂದು ಸಹಭಾಗಿ ಸಂಸ್ಥೆ ಮುಚ್ಚಿಹೋದರೆ ಅದರ ಕೆಲಸ ಯಾರಿಗೆ, ಮೂಲ ಬಿಲ್ಲುಗಳು ಎಲ್ಲಿರಬೇಕು, ಎರಡು ಭಾಷೆಯ ಪ್ರತಿಗಳಲ್ಲಿ ವ್ಯತ್ಯಾಸ ಬಂದರೆ ಯಾವುದು ಅಂತಿಮ ಎಂಬ ಮಾತುಗಳು ಅದರಲ್ಲಿರಬೇಕು. ರಾಜಕೀಯ ಬಿರುಗಾಳಿಗೂ ಒಂದು ಕಲಮು ಬೇಕು. 2018ರ ನವೆಂಬರಿನಲ್ಲಿ ಕೊಸೊವೊ ಸರ್ಬಿಯಾ ಮತ್ತು ಬಾಸ್ನಿಯಾದ ಸರಕಿನ ಮೇಲೆ ಶೇ. 100 ಸುಂಕ ಹಾಕಿತು, ಅದು ಹಿಂತೆಗೆದದ್ದು 2020ರಲ್ಲಿ. ಅಂಥ ದಿನ ಬಂದರೆ ಸರಕು ವಿನಿಮಯ ನಿಲ್ಲಿಸಿ ತರಬೇತಿ, ಮಾಪನ, ದಾಖಲಾತಿಗಳಂಥ ಗಡಿ ದಾಟಬೇಕಾಗಿಲ್ಲದ ಕೆಲಸಗಳಿಗೆ ಹೊರಳುವುದಾಗಿ ಮೊದಲೇ ಬರೆದುಕೊಂಡಿದ್ದರೆ ಯೋಜನೆ ಉಸಿರಾಡುತ್ತದೆ.

ಗಡಿ ದಾಟುವ ಸರಕು, ಗಡಿ ದಾಟುವ ಜನ

2006ರ ಡಿಸೆಂಬರ್ 19ರಂದು ಬುಖಾರೆಸ್ಟಿನಲ್ಲಿ ಸಹಿಯಾದ 'ಸೆಫ್ಟಾ' ಎಂಬ ಮುಕ್ತ ವ್ಯಾಪಾರ ಒಪ್ಪಂದದಿಂದ ಪಶ್ಚಿಮ ಬಾಲ್ಕನ್ ಮತ್ತು ಮೊಲ್ಡೊವಾ ನಡುವಿನ ವ್ಯಾಪಾರದಲ್ಲಿ ಸುಂಕ ಬಹುಮಟ್ಟಿಗೆ ಇಲ್ಲವಾಗಿದೆ. ಹಾಗೆಂದು ಚೀಸು, ಹಣ್ಣು ಸುಮ್ಮನೆ ದಾಟುವುದಿಲ್ಲ. ಪ್ರಾಣಿಜನ್ಯ ಪದಾರ್ಥಕ್ಕೆ ಪಶುವೈದ್ಯಾಧಿಕಾರಿಯ ಪ್ರಮಾಣಪತ್ರ, ಸಸಿ ಮತ್ತು ಹಣ್ಣಿಗೆ ಸಸ್ಯಾರೋಗ್ಯ ಪತ್ರ ಬೇಕು. ಇವನ್ನು ಪರಿಶೀಲಿಸುವ ಅಧಿಕಾರಿಗಳು ಎಲ್ಲ ಗಡಿ ಠಾಣೆಗಳಲ್ಲಿ ಇರುವುದಿಲ್ಲ. ಹಳ್ಳಿಗೆ ಹತ್ತಿರದ ಠಾಣೆಯಲ್ಲಿ ಜನ ಮಾತ್ರ ದಾಟಬಹುದು, ಚೀಸಿನ ಪೆಟ್ಟಿಗೆಗೆ ಸುತ್ತುಬಳಸಿ ದೊಡ್ಡ ಠಾಣೆಗೆ ಹೋಗಬೇಕು ಎಂಬ ಸ್ಥಿತಿ ಇದ್ದರೆ, ಆ ಸುತ್ತಿನ ಖರ್ಚಿನಲ್ಲಿಯೇ ಲಾಭ ಕರಗುತ್ತದೆ. ವ್ಯಾಪಾರದ ಲೆಕ್ಕ ಹಾಕುವ ಮುನ್ನ ಯಾವ ಠಾಣೆಯಲ್ಲಿ ಯಾವ ದಿನ ಯಾವ ಪರಿಶೀಲನೆ ನಡೆಯುತ್ತದೆ ಎಂಬುದನ್ನು ಖುದ್ದಾಗಿ ಹೋಗಿ ನೋಡಿ ಬನ್ನಿ. 2020ರಲ್ಲಿ ಸಾಂಕ್ರಾಮಿಕದ ನಡುವೆ ತೆರೆದ 'ಹಸಿರು ಪಥ'ಗಳಲ್ಲಿ ಸರಕಿನ ವಿವರ ಲಾರಿಗಿಂತ ಮುಂಚೆ ಠಾಣೆಗೆ ತಲುಪುವ ವ್ಯವಸ್ಥೆ ಬಂದಿದೆ. ಆದರೆ ಅದರ ಪ್ರಯೋಜನ ಮುಖ್ಯ ಹೆದ್ದಾರಿಯ ಲಾರಿಗಳಿಗೆ, ಬೆಟ್ಟದ ಹಿಂದಿನ ಊರಿಗೆ ಕಡಿಮೆ.

ಸರಕಿಗಿಂತ ಕೊಳ್ಳುವವರನ್ನೇ ಗಡಿ ದಾಟಿಸುವುದು ಎಷ್ಟೋ ಸಲ ಸುಲಭ. ಅಲ್ಬೇನಿಯಾ, ಕೊಸೊವೊ, ಮಾಂಟೆನೆಗ್ರೊಗಳನ್ನು ಸುತ್ತುವ 192 ಕಿಲೋಮೀಟರಿನ 'ಪೀಕ್ಸ್ ಆಫ್ ದಿ ಬಾಲ್ಕನ್ಸ್' ಕಾಲುದಾರಿ ಇದನ್ನೇ ಮಾಡಿದೆ. ಥೆತ್, ವಲ್ಬೋನಾ, ರುಗೋವಾ, ಪ್ಲಾವ್ ಎಂಬ ಊರು, ಕಣಿವೆಗಳ ಮೂಲಕ ಹಾಯುವ ಈ ದಾರಿ ಹಲವೆಡೆ ಗಡಿ ದಾಟುವುದು ಠಾಣೆಯೇ ಇಲ್ಲದ ಬೆಟ್ಟದ ನೆತ್ತಿಯಲ್ಲಿ. ಆದ್ದರಿಂದ ನಡೆಯುವವರು ಗಡಿ ಪೊಲೀಸರಿಗೆ ಮುಂಚಿತವಾಗಿ ಅರ್ಜಿ ಹಾಕಿ ಅನುಮತಿ ಪಡೆಯುವ ಪದ್ಧತಿಯನ್ನು ರೂಪಿಸಲಾಯಿತು. ಅಲ್ಬೇನಿಯಾದ ದೊಬರ್ದೋಲ್‌ನಲ್ಲಿ ಬೇಸಿಗೆಗೆ ಮಾತ್ರ ದನಕುರಿ ಹೊಡೆದುಕೊಂಡು ಮೇಲೆ ಬರುವ ಕುಟುಂಬಗಳು, ತಮ್ಮ ಗುಡಿಸಲ ಪಕ್ಕದಲ್ಲೇ ಹಾಸಿಗೆ ಹಾಕಿ, ತಮ್ಮದೇ ಹಾಲು, ಚೀಸು ಬಡಿಸಿ ನಡೆಯುವವರನ್ನು ಉಳಿಸಿಕೊಳ್ಳುತ್ತವೆ. ಅಲ್ಲಿಯ ಚೀಸಿಗೆ ಪ್ರಮಾಣಪತ್ರದ ಅಗತ್ಯ ಬೀಳುವುದೇ ಇಲ್ಲ, ತಿನ್ನುವವನೇ ಮೇಜಿನ ಬಳಿಗೆ ಬಂದಿರುತ್ತಾನೆ. ಇಂಥದ್ದೊಂದು ದಾರಿ ರೂಪಿಸುವುದಾದರೆ ಫಲಕ ನೆಡುವ ಮೊದಲು ಮೂರೂ ದೇಶಗಳ ಗಡಿ ಪೊಲೀಸರನ್ನು ಮಾತಿಗೆ ಕರೆಯಿರಿ; ಬಾಸ್ನಿಯಾದ ಬೆಟ್ಟಗಳಲ್ಲಾದರೆ ಯುದ್ಧಕಾಲದ ನೆಲಬಾಂಬುಗಳ ನಕ್ಷೆಯನ್ನು ಅಧಿಕೃತ ಕಚೇರಿಯಿಂದ ತರಿಸಿ ನೋಡದೆ ಒಂದು ಹೆಜ್ಜೆಯನ್ನೂ ಗುರುತು ಹಾಕಬೇಡಿ.

ಅನುದಾನದ ಅವಧಿ ಮುಗಿದ ಮೇಲಿನ ಲೆಕ್ಕವನ್ನು ಮೊದಲ ವರ್ಷದಲ್ಲೇ ಕೂತು ಹಾಕಬೇಕು. ಸರ್ಬಿಯಾದ ಜನಸಂಖ್ಯೆ 2011ರ ಎಣಿಕೆಯಲ್ಲಿ ಸುಮಾರು 71.9 ಲಕ್ಷ ಇದ್ದದ್ದು 2022ರಲ್ಲಿ 66.5 ಲಕ್ಷಕ್ಕೆ ಇಳಿದಿದೆ. ಗಡಿಯಂಚಿನ ಹಳ್ಳಿಗಳಲ್ಲಿ ತರಬೇತಿ ಪಡೆದ ಹುಡುಗ ಹುಡುಗಿಯರು ಮರುವರ್ಷ ವಿದೇಶದಲ್ಲಿರುವುದು ಮಾಮೂಲು. ಆದ್ದರಿಂದ ಪ್ರತಿ ಕೆಲಸಕ್ಕೂ ಎರಡೂ ಕಡೆ ಇಬ್ಬಿಬ್ಬರನ್ನು ತಯಾರು ಮಾಡಿ, ಅವರಲ್ಲಿ ಒಬ್ಬರಾದರೂ ಊರು ಬಿಡಲೊಲ್ಲದ ವಯಸ್ಸಿನವರಾಗಿರಲಿ. ಚಳಿಗಾಲದ ಹಿಮ ಕರಗಿದ ಮೇಲೆ ಪ್ರತಿ ವಸಂತದಲ್ಲಿ ದಾರಿಯ ಬಂಡೆಗಳ ಮೇಲಿನ ಬಣ್ಣದ ಗುರುತುಗಳನ್ನು ಮತ್ತೆ ಬಳಿಯಬೇಕಾಗುತ್ತದೆ. ಆ ಬಣ್ಣದ ಡಬ್ಬಿಯ ಹಣ ಯಾವ ಪುರಸಭೆಯ ಬಜೆಟ್ಟಿನಲ್ಲಿ, ಯಾವ ಸಾಲಿನಲ್ಲಿ ಇದೆ ಎಂದು ಎರಡೂ ಕಡೆಯವರಿಂದ ಬರೆಸಿಕೊಳ್ಳಿ.